ಬದಾಮ್ ರಾಣಿಗೆ ಒಂದು ಫೋನು

ಅವರ ಬಲಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಆ ಮೊಂಡು ಬೆರಳಿನಿಂದಲೇ ಇಸ್ಪೀಟಿನ ಕಟ್ಟನ್ನು ಬೀಸಣಿಗೆಯ ಹಾಗೆ ಬಿಚ್ಚುತ್ತಿದ್ದರು. ಬೀದರದಿಂದ ಔರಾದಿಗೆ ಹೋಗುವ ಬಸ್ಸು ಎಷ್ಟೇ ಕುಣಿದರೂ ಒಂದು ಎಲೆಯೂ ಕೆಳಗೆ ಬೀಳುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಯಾವಾಗಲೂ ಹಸಿರೋ ನೀಲಿಯೋ ಬಣ್ಣ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಅವರು. ನಾನು ಅದೇ ಶಾಲೆಯ ವಿಜ್ಞಾನ ಶಿಕ್ಷಕಿ. ಇಬ್ಬರದೂ ಬೀದರದಲ್ಲಿ ಮನೆ, ಔರಾದಿನಲ್ಲಿ ನೌಕರಿ. ದಿನಾ ಅಪ್-ಡೌನ್.

ಬೆಳಗಿನ ಬಸ್ಸಿನಲ್ಲಿ ಅವರು ದಿನಕ್ಕೊಬ್ಬರನ್ನು ಆರಿಸುತ್ತಿದ್ದರು. ಒಂದು ಎಲೆ ತೆಗೆಸುವುದು. "ಎಲ್ಲಾರಿಗೂ ತೋರಿಸ್ರಿ, ನನಗೂ ತೋರಿಸ್ರಿ. ನನ್ನ ಕಡಿಂದ ಏನೂ ಮುಚ್ಚಿಡೂದು ಬ್ಯಾಡ." ಆಮೇಲೆ, "ಈಗ ನಿಮ್ಮ ಫೋನ್ ತೆಗೀರಿ. ನಾ ಮುಟ್ಟಂಗಿಲ್ಲ" ಎಂದು ಒಂದು ನಂಬರ್ ಹೇಳುವರು. "ಗಂಗಾಬಾಯಿ ಅದಾರೇನ್ರಿ ಅಂತ ಕೇಳ್ರಿ." ಒಂದು ದಿನ ಗಂಗಾಬಾಯಿ, ಇನ್ನೊಂದು ದಿನ ಶಾಂತಮ್ಮ, ಮತ್ತೊಂದು ದಿನ ಕಮಲಕ್ಕ. ಸ್ಪೀಕರಿನಲ್ಲಿ ದಿನಾ ಅದೇ ಒಬ್ಬ ಹೆಂಗಸಿನ ತಿಳಿಯಾದ ದನಿ ಬರುತ್ತಿತ್ತು. ಗಂಗಾಬಾಯಿಯ ದಿನವಾದರೆ: "ಹೌದ್ರಿ, ನಾನೇ ಮಾತಾಡ್ತೇನಿ. ನಿಮ್ಮ ಕೈದಾಗ ಬದಾಮ್ ರಾಣಿ ಅದ, ಹೌದಲ್ಲೋ?"

ಕೈಯಲ್ಲಿ ಹೃದಯದ ಗುರುತಿನ ಆ ಕೆಂಪು ರಾಣಿಯೇ ಇರುತ್ತಿದ್ದಳು; ಬಸ್ಸೆಲ್ಲಾ ಹೋ ಅನ್ನುತ್ತಿತ್ತು. ಜಾದೂ ಅಲ್ಲಿಗೆ ಮುಗಿಯಬೇಕು. ಆದರೆ ಆ ದನಿ ಫೋನ್ ಇಡುತ್ತಿರಲಿಲ್ಲ. "ಬಸ್ ಎಲ್ಲಿ ತನಕ ಬಂತ್ರಿ? ಕಿಟಕಿ ಹೊರಗ ಏನ್ ಕಾಣ್ತದ?" ಎಂದು ಕೇಳುತ್ತಿತ್ತು. ತೊಗರಿ ಹೂ ಬಿಟ್ಟಿದೆ, ಯಾರೋ ಎಮ್ಮೆ ತೊಳೆಯುತ್ತಿದ್ದಾರೆ, ಹೀಗೆ ಜನ ಕಂಡದ್ದನ್ನು ಹೇಳುವರು. ಮಾಸ್ತರರು ಎಲೆಗಳನ್ನು ಜೋಡಿಸುತ್ತ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನವೂ ಅವಸರ ಮಾಡಿದ್ದನ್ನು ನಾನು ಕಾಣಲಿಲ್ಲ.

ನನಗೋ ಪವಾಡವೆಂದರೆ ಮೈ ಉರಿಯುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಯರು, "ಮಿಸ್, ಆ ಬೀದರ ಬಾಯಿ ಪರೀಕ್ಷಾದಾಗ ಏನ್ ಬರ್ತದ ಅಂತನೂ ಹೇಳ್ತಾರೇನ್ರಿ?" ಎಂದು ಕೇಳಿದ ದಿನ ಕಣ್ಣಿಟ್ಟು ನೋಡತೊಡಗಿದೆ. ಗುಟ್ಟು ತಾನಾಗಿಯೇ ಸಿಕ್ಕಿತು. ಔರಾದಿನ ಕಡೆಯ ಒಬ್ಬ ಮುದುಕಿಗೆ ಮಾಸ್ತರರು ಶಾಂತಮ್ಮ ಎಂದು ಹೇಳಿಕೊಟ್ಟರು. ಆ ಮರಾಠಿ ಸೀಮೆಯಲ್ಲಿ ಹೆಣ್ಣುಮಕ್ಕಳ ಹೆಸರಿಗೆ ಬಾಯಿ ಸೇರಿಸದೆ ಕರೆದರೆ ಮರ್ಯಾದೆ ಕಡಿಮೆಯಾದಂತೆ. ಮುದುಕಿ ರೂಢಿಯ ಮೇಲೆ "ಶಾಂತಾಬಾಯಿ ಅದಾರೇನವಾ?" ಎಂದಳು. ಆಕೆಯ ಕೈಯಲ್ಲಿದ್ದದ್ದು ಕರಿ ಎಲೆ, ಇಸ್ಪೇಟ್ ಏಳು. ದನಿ ಹೇಳಿದ್ದು ಬದಾಮ್ ಏಳು. ಮಾಸ್ತರರು ನಕ್ಕು, "ಟವರ್ ಸರಿ ಇಲ್ಲ" ಎಂದರು. ಹೆಸರಿನ ಬಾಲ ಬದಲಾಗಿದ್ದಕ್ಕೇ ಎಲೆಯ ಜಾತಿ ಬದಲಾಗಿತ್ತು. ನಾನು ಮನೆಗೆ ಬಂದು, ಅಷ್ಟು ದಿನ ಕೇಳಿದ್ದ ಹೆಸರುಗಳನ್ನೆಲ್ಲ ಕಾಗದದ ಮೇಲೆ ಬರೆದೆ. ಹದಿಮೂರು ಹೆಸರು, ಪ್ರತಿ ಹೆಸರಿಗೆ ಅಮ್ಮ, ಬಾಯಿ, ಅಕ್ಕ, ತಾಯಿ ಎಂಬ ನಾಲ್ಕು ಬಾಲ. ಐವತ್ತೆರಡೂ ಎಲೆ ಬಂದುಬಿಟ್ಟವು!

ಮರುವಾರ ಒಬ್ಬ ತಂದೆ, ಫೋನು ಇನ್ನೂ ಸ್ಪೀಕರಿನಲ್ಲಿರುವಾಗಲೇ ಕೈಮುಗಿದು, "ಬಾಯಾರೆ, ನಮ್ಮ ಹುಡುಗಿಗಿ ಒಂದ್ ವರ ಬಂದದ. ಹ್ಯಾಂಗ ಅದಾನ, ಹೇಳ್ರಿ" ಎಂದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ತರಗತಿಯಲ್ಲಿ ಹೇಳಿದ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಮ್ಮ ಎಂದರೆ ಇಸ್ಪೇಟು, ಬಾಯಿ ಎಂದರೆ ಬದಾಮು, ಶಾಂತಾ ಎಂದರೆ ಏಳು. ಖರೆ ಹೇಳಬೇಕೆಂದರೆ, ಆ ತಂದೆಯ ಚಿಂತೆಗಿಂತ ನನ್ನ ಲೆಕ್ಕ ಸರಿಹೋದ ಖುಷಿಯೇ ನನಗೆ ಹೆಚ್ಚಿತ್ತು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ, "ಅಕ್ಕೋರು ಭಾಳ ಶಾಣ್ಯಾ ಇದ್ದಾರ" ಎಂದಿತು ದನಿ. ಫೋನ್ ಕಟ್ಟಾಯಿತು.

ಮರುದಿನದಿಂದ ಮಾಸ್ತರರ ಇಸ್ಪೀಟಿನ ಕಟ್ಟು ಚೀಲದಿಂದ ಹೊರಗೇ ಬರಲಿಲ್ಲ. ಎಂಟು ದಿನವಾದ ಮೇಲೆ ನಾನೇ ಕೆಣಕಿದೆ: "ಏನ್ರಿ ಸರ್, ಅಂಗಡಿ ಬಂದ್ ಮಾಡಿದ್ರೇನು?"

"ನಾ ಏನ್ ಮಾಡ್ಲಿ ಅಕ್ಕೋರೆ, ಆಕಿ ಫೋನೇ ಎತ್ತವಲ್ಲಳು."

"ಯಾರ್ರಿ ಆಕಿ?"

"ನಮ್ಮ ಮನ್ಯಾಕಿ."

ಅಂದು ಸಂಜೆ ಅವರು ನನ್ನನ್ನು ಬೀದರದ ಮೈಲೂರು ಬಡಾವಣೆಯ ತಮ್ಮ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ, ನಮ್ಮ ಕಡೆಯ ಮಾತಿನಲ್ಲಿ ವೈನಿ, ಅಂದರೆ ಅತ್ತಿಗೆ, ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದಿತ್ತು. ಹಿಂದೆ ಭಾಲ್ಕಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರಂತೆ. ಊರಿನ ಅರ್ಧ ಜನರನ್ನು ದನಿಯಿಂದಲೇ ಗುರುತಿಸುತ್ತಿದ್ದರಂತೆ.

"ಕಣ್ಣು ಹೋದಮ್ಯಾಗ ಫೋನ್ ಬರೂದೇ ನಿಂತು ಹೋತು," ಎಂದರು ಮಾಸ್ತರರು. "ಒಂದೆರಡು ಬಂದ್ರೂ ಎಲ್ಲಾರೂ ಪಾಪ, ಪಾಪ ಅನ್ನೂದು. ಪಾಪ ಅನ್ನದಂಥಾದ್ದು ದಿನಾ ಒಂದ್ ಫೋನ್ ಬೇಕಿತ್ತು, ಅಷ್ಟೇ."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ತಪ್ಪಾಯಿತೆಂದು ವೈನಿಯ ಕೈ ಹಿಡಿದೆ. ಅವರು, "ನೀವು ಸುಳ್ಳೇನ್ ಹೇಳೀರಿ? ಆದರ ಎಲ್ಲಾ ಗೊತ್ತಾದಮ್ಯಾಗ ಯಾರ್ ಮಾಡ್ತಾರ್ರಿ ಫೋನ್?" ಎಂದರು. ಆಮೇಲೆ ಸ್ವಲ್ಪ ನಕ್ಕು, "ಕೆಡಿಸಿದವರು ನೀವು. ಹೊಸಾ ಲೆಕ್ಕ ನೀವೇ ಹಾಕಿಕೊಡ್ರಿ" ಎಂದು ನನ್ನ ಕೊರಳಿಗೇ ಕಟ್ಟಿದರು.

ಎರಡು ರವಿವಾರ ಮೂವರೂ ಕೂತೆವು. ಯಾವ ಮುದುಕಿ ಎಷ್ಟು ಮರ್ಯಾದೆ ಕೊಟ್ಟರೂ ಕೆಡದಂಥ ಲೆಕ್ಕ ಮಾಡಿದೆವು. ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಹೇಳಿ ಬುದ್ಧಿ ಕಲಿತಿದ್ದೇನೆ. ನನ್ನದು ಒಂದೇ ಷರತ್ತು: ಕೊನೆಗೆ ಮಾಸ್ತರರು "ಇದು ಆಟರಿ, ಭವಿಷ್ಯ ಅಲ್ಲ" ಎನ್ನಬೇಕು. ಅವರು ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಬರುವವರಿಗೆಲ್ಲ ನಾನು ವೈನಿಯ ವಿಷಯ ಹೇಳಿದೆ. ಹೇಳಬಾರದ್ದನ್ನು ಅಷ್ಟು ಜೋರಾಗಿ ಹೇಳಿದವಳು ಇದನ್ನೂ ಹೇಳಲೇಬೇಕಿತ್ತು. ಆಮೇಲೆ ಬಸ್ಸಿನಲ್ಲಿ ಎಲೆ ತೆಗೆಯಲು ನಾ ಮುಂದು ತಾ ಮುಂದು.

ಕಳೆದ ಬೇಸಿಗೆ ರಜೆಯಲ್ಲಿ ಮಾಸ್ತರರು ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ದಿನಕರ್ಮ ಮುಗಿದ ಮೇಲೆ ವೈನಿ ಆ ಕಟ್ಟನ್ನು ನನ್ನ ಕೈಗಿಟ್ಟರು. "ನಿಮ್ಮ ಕೈಗಿ ಇದು ಹತ್ತಂಗಿಲ್ಲ ಅಕ್ಕೋರೆ. ಆದರೂ ಇರ್ಲಿ."

ಶಾಲೆ ತೆರೆದ ದಿನ ಬಸ್ಸಿನಲ್ಲಿ ಬಿಚ್ಚಿದೆ. ಅರ್ಧ ಎಲೆ ಸೀಟಿನ ಕೆಳಗೆ ಬಿದ್ದವು. ನಮ್ಮ ಖಾಯಂ ಕಂಡಕ್ಟರು ಆರಿಸಿಕೊಟ್ಟು, ತಾನೇ ಒಂದು ಎಲೆ ತೆಗೆದ: ಇಸ್ಪೇಟ್ ಎಂಟು. ತನ್ನ ಫೋನು ಹಚ್ಚಿದ. ನಾನೇ ಹಾಕಿದ ಲೆಕ್ಕ ನನಗೇ ಕೈಕೊಟ್ಟಿತು; ಏನೋ ತಪ್ಪು ಹೇಳಿಕೊಟ್ಟೆ.

"ಬದಾಮ್ ರಾಣಿ," ಎಂದಿತು ಆ ದನಿ. "ಹೌದಲ್ಲೋ?"

ಕಂಡಕ್ಟರು ಕೈಯಲ್ಲಿದ್ದ ಎಂಟನ್ನು ನೋಡಿದ, ನನ್ನನ್ನು ನೋಡಿದ.

"ಖರೆ ಅದ್ರಿ ವೈನಿ. ಬದಾಮ್ ರಾಣಿನೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳು ಕಂಡರೆ ಮೈ ಉರಿಯುವ ನಾನೂ ಅವರೊಡನೆ ಕೈ ನೋಯುವಷ್ಟು ತಟ್ಟಿದೆ.

"ಕಿಟಕಿ ಹೊರಗ ಏನ್ ಕಾಣ್ತದ್ರಿ?" ಎಂದು ಕೇಳಿದರು ವೈನಿ.

ಕಂಡಕ್ಟರು ಟಿಕೆಟ್ ಮಷಿನ್ ಕಂಕುಳಲ್ಲಿ ಇರುಕಿಕೊಂಡು ಕಿಟಕಿಗೆ ಬಗ್ಗಿದ. "ಕೆಂಪ್ ಮಣ್ಣು ಮುಗೀತ್ರಿ ವೈನಿ. ಇಲ್ಲಿಂದ ಎಲ್ಲಾ ಕರಿ ಮಣ್ಣು."