ಹಿತ್ತಲ ಕೊಳಕ್ಕೆ ಬಿದ್ದವರು

ನನಗೆ ಆಗ ಎಪ್ಪತ್ತೊಂದು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಬೆಳಿಗ್ಗೆ ಹಲ್ಲುಪುಡಿ ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದವಳು ನೀರಿನಲ್ಲಿ ಒಂದು ಕಪ್ಪೆ ಕಂಡೆ. ನೀರಿನಲ್ಲಿ ಕಪ್ಪೆ ಕಂಡದ್ದೂ ಒಂದು ಸುದ್ದಿಯೇ ಎಂದು ನೀವು ನಗಬಹುದು, ನಗಿ. ಆದರೆ ಅದು ನನ್ನ ಮಗನ ಈಜುಕೊಳ. ಔಷಧಿ ಹಾಕಿ ಹಾಕಿ ಕಣ್ಣು ಉರಿಸುವ ಆ ನೀರಿಗೆ ಬುದ್ಧಿ ನೆಟ್ಟಗಿರುವ ಯಾವ ಕಪ್ಪೆಯೂ ಇಳಿಯಲಾರದು. ಇದು ಅಂಗಾತ ತೇಲುತ್ತಿತ್ತು. ತಾನಾಗಿ ಬಂದು ಬಿದ್ದದ್ದೋ, ಯಾರಾದರೂ ತಂದು ಹಾಕಿದ್ದೋ ಎಂದು ಬಾಯಿ ಮುಕ್ಕಳಿಸುವ ಮೊದಲೇ ನನಗೆ ಅನುಮಾನ ಬಂತು. ನನ್ನ ಸ್ವಭಾವವೇ ಅಂಥದ್ದು. ಹಾಲು ಹಾಕುವವನು ನಕ್ಕು ಮಾತಾಡಿಸಿದರೆ ನಾನು ಮೊದಲು ಹಾಲಿನ ಪಾತ್ರೆ ಬಗ್ಗಿ ನೋಡುವವಳು.

ಮಗ ವೀರೇಶನದು ಕೂಡ್ಲಿಗಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಗುಡೇಕೋಟೆ ಗುಡ್ಡದ ಬುಡಕ್ಕಿರುವ ನಮ್ಮ ಹೊಲದಲ್ಲಿ ಹೊಸ ಮನೆ ಎಬ್ಬಿಸಿದ, ಹಿಂದೆ ನೀಲಿ ಟೈಲ್ಸಿನ ಈ ಕೊಳ ಮಾಡಿಸಿದ. ಕುಡಿಯಲು ಬಾರದ, ಎಮ್ಮೆಗೆ ತೋರಿಸಲಾಗದ, ಶೇಂಗಾ ಹೊಲಕ್ಕೆ ಬಿಡಲಾಗದ ನೀರನ್ನು ಅಷ್ಟು ಜೋಪಾನ ಮಾಡುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಮಗನಿಗೆ ಈಜು ಬರುವುದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಫೋನಿನಲ್ಲಿ ಸಿಮೆಂಟು ಮಾರುತ್ತಾನೆ.

ನಮ್ಮ ಕಡೆ ಬಾವಿ ತೋಡಿದರೂ ಸರಿ, ಬೋರು ಹಾಕಿಸಿದರೂ ಸರಿ, ನೀರು ಕಂಡ ದಿನ ಗಂಗಮ್ಮನಿಗೆ ಪೂಜೆ ಮಾಡಿ ಎಡೆ ಕೊಡುತ್ತೇವೆ. ಕೊಳ ತುಂಬಿದ ದಿನ ನಾನೂ ಸೊಸೆ ಶಾಂತಳೂ ಅರಿಶಿನ, ಕುಂಕುಮ, ಕಾಯಿ, ಬಾಳೆಹಣ್ಣು, ಬೆಲ್ಲ ಜೋಡಿಸಿಕೊಂಡು ಬಂದೆವು. ಕೊಳ ಕಟ್ಟಿದವನು ಅಡ್ಡ ಬಂದ. ಅರಿಶಿನ ಬಿದ್ದರೆ ಟೈಲ್ಸಿಗೆ ಕಲೆಯಂತೆ, ಬೆಲ್ಲ ಬಿದ್ದರೆ ಮೋಟಾರಿಗೆ ರೋಗವಂತೆ. ಮಗನೂ ಬಂದ ನೆಂಟರ ಮುಂದೆ ದೊಡ್ಡ ಗಂಟಲಿನಲ್ಲಿ, “ಯವ್ವಾ, ಇದು ಟ್ಯಾಂಕರ್‌ನ್ಯಾಗ ಬಂದ ನೀರು. ಟ್ಯಾಂಕರ್ ಹತ್ತಿ ಗಂಗಮ್ಮ ಯಾಕ ಬರ್ತಾಳ?” ಎಂದು ನಗಿಸಿದ. ನಾನು ತಟ್ಟೆ ತಿರುಗಿಸಿಕೊಂಡು ಹೋದೆ. ಬಾಳೆಹಣ್ಣು ನಾನೇ ತಿಂದೆ. ದೇವರಿಗೆ ಬೇಡವಾದದ್ದನ್ನು ಕೆಡಿಸಬಾರದಲ್ಲ.

ಕಪ್ಪೆಯ ಹಿಂದೆ ಉಳಿದವರೂ ಬರತೊಡಗಿದರು. ಒಂದು ಬೆಳಿಗ್ಗೆ ಜೇನುಹುಳ ಮುಷ್ಟಿಗಟ್ಟಲೆ, ಇನ್ನೊಂದು ಬೆಳಿಗ್ಗೆ ಬಾಲ ಎತ್ತಿಕೊಂಡೇ ಸತ್ತ ಚೇಳು, ಆಮೇಲೆ ಒಂದು ಕೇರೆಹಾವು. ಕೇರೆಹಾವಿಗೆ ಜೀವವಿತ್ತು. ನುಣ್ಣಗಿನ ಗೋಡೆ ಹಿಡಿಯಲು ಬಾರದೆ ಸುತ್ತು ಹಾಕಿ ಹಾಕಿ ಸೋತಿತ್ತು. ಬಿದಿರು ಗಳ ಇಳಿಬಿಟ್ಟೆ, ಹತ್ತಿ ಹೋಯಿತು, ಹಿಂತಿರುಗಿಯೂ ನೋಡಲಿಲ್ಲ. ಅದರ ಹಿಂದೆ ಮುಂಗುಸಿ ಬಂತು. ಎಲ್ಲರಿಗಿಂತ ಮುಂಚೆ ಬಂದು ಎಲ್ಲರಿಗಿಂತ ಜಾಸ್ತಿ ಇದ್ದದ್ದು ಇರುವೆ. ಕೊಳದ ದಂಡೆಗೆ ಕಪ್ಪು ದಾರ ಹೊಲಿದಂತೆ ಸಾಲು. ನಾನು ಜರಡಿಯಲ್ಲಿ ಒಬ್ಬೊಬ್ಬರನ್ನೇ ಎತ್ತಿ ಬೇಲಿಯಾಚೆ ಎಸೆಯುತ್ತಾ ಯೋಚಿಸಿದೆ: ಗುಡ್ಡದಲ್ಲಿ ಇಷ್ಟು ದಿನ ನೀರಿಲ್ಲದೆಯೇ ಬಾಳಿದ ಇವಕ್ಕೆ ಈಗೇನು ಒಮ್ಮೆಗೇ ಜಳಕದ ಹುಚ್ಚು?

ಅನುಮಾನಕ್ಕೆ ಒಬ್ಬ ಮನುಷ್ಯ ಬೇಕು. ಹತ್ತಿರ ಸಿಕ್ಕವನು ಕುರಿಯ ಮೈಲಾರಿ. ಅವನ ಕುರಿಗಳು ದಿನಾ ಗುಡ್ಡಕ್ಕೆ ಹೋಗುವ ಕಾಲುದಾರಿ ನಮ್ಮ ಹೊಲದೊಳಗೇ, ಕೊಳದ ಮಗ್ಗುಲಿಗೇ ಇದೆ. ಸಗಣಿಹುಳ ಎರಡು ತೇಲಿದ ದಿನ ನಾನು ಅವನನ್ನು ತರುಬಿ ನಿಲ್ಲಿಸಿದೆ.

“ಲೇ ಮೈಲಾರಿ, ಕುರಿಗೆ ನಮ್ಮ ನೀರು ಕುಡಸ್ತೀ ಏನಲೇ?”

“ಕುಡಸಾಕ ಹೋದ್ರ ಅವು ಕುಡೀಬೇಕಲ್ಲ ಅವ್ವಾರ? ಒಂದು ಟಗರು ಮೂಸಿ ನೋಡಿ ಸಂಜಿತನಕ ಸೀನೈತಿ. ನಿಮ್ಮ ಸಾವ್ಕಾರ್ರು ಅದರಾಗ ಹೆಂಗ ನಿಂದರ್ತಾರೋ, ನಾ ಕಾಣೆ.”

ನನಗೆ ನಗು ಬಂತು, ಆದರೆ ನಗಲಿಲ್ಲ. ಇಷ್ಟು ಚಂದ ಉತ್ತರ ಕೊಡುವವನನ್ನು ನಂಬಬಾರದು ಎಂದುಕೊಂಡೆ.

ಆ ವಾರವೇ ಕರಡಿ ಬಂತು. ನಮ್ಮ ಗುಡ್ಡದಲ್ಲಿ ಕರಡಿ ಇರುವುದು ಹೊಸತಲ್ಲ; ಬಾರೆಹಣ್ಣಿನ ಕಾಲಕ್ಕೆ ಹೊಲದ ಬದುವಿಗೂ ಬರುತ್ತದೆ. ಆದರೆ ಬೆಳಗಾಗುವ ಹೊತ್ತಿಗೆ ಅದು ನೀಲಿ ನೀರಿನ ನಡುವೆ, ಬೀಗರ ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಕೂತ ಗೌಡನ ಹಾಗೆ ಕೂತಿತ್ತು. ಶಾಂತ ಕಿರುಚಿದಳು. ಕರಡಿ ಬೇಸರದಿಂದ ಎದ್ದು ಸ್ಟೀಲಿನ ಏಣಿ ಹತ್ತಿ, ಮೈ ಜಾಡಿಸಿ, ನಮ್ಮ ಗೋಡೆಗೆಲ್ಲ ನೀರು ಚಿಮ್ಮಿಸಿ ಗುಡ್ಡ ಸೇರಿತು. ಮಗ ಮಾಳಿಗೆ ಮೇಲಿಂದ ಇಳಿದು ಬಂದದ್ದು ಬಿಸಿಲೇರಿದ ಮೇಲೆ.

ಇಳಿದವನೇ, “ಇದು ಆ ಮೈಲಾರಿ ನಾಯಿಗಳ ಕೆಲಸ. ಅಟ್ಟಿಸ್ಕೆಂಡು ಬಂದು ನಮ್ಮ ನೀರಿಗೆ ಕೆಡವತಾವ. ನಾಳೆನಾ ಕಲ್ಲುಕಂಬ ಹುಗಿಸಿ ದಾರಿಗೆ ತಂತಿ ಬಿಗಸ್ತೀನಿ” ಎಂದ.

ಸಂಜೆ ಕುರಿ ಹೊಡೆದುಕೊಂಡು ಬಂದ ಮೈಲಾರಿಗೆ ಸುದ್ದಿ ತಿಳಿದಿತ್ತು. ಅವನ ಬಾಯಲ್ಲಿ ಆ ದಿನ ತಮಾಷೆ ಇರಲಿಲ್ಲ. “ಅವ್ವಾರ, ಈ ದಾರಿ ಕಟ್ಟಿದ್ರ ನಾ ಡಾಂಬರು ರೋಡಿಗೆ ಬೀಳಬೇಕು. ಲಾರಿ ಓಡ್ಯಾಡೋ ರೋಡು. ಕುರಿಗೇನು ಬಲಕ್ಕ ನಡಿ, ಎಡಕ್ಕ ನಡಿ ಅನ್ನಾಕ ಬರತೈತೇನ್ರಿ? ಅದಕ್ಕಿಂತ ಮಂದಿ ಮಾರಿಬಿಡೋದ ಚಲೋ” ಎಂದ. ಮಂದಿ ಎಂದರೆ ಅವನ ಕುರಿಹಿಂಡು; ಅವನ ಅಪ್ಪನ ಕಾಲದಿಂದ ಬಂದದ್ದು.  ದಾರಿ ಕಟ್ಟುವುದೇ ಆದರೆ ಮೊದಲು ಇವನನ್ನು ಕಣ್ಣಾರೆ ಕಂಡು ಹಿಡಿಯೋಣ ಎಂದು, ಅವನು ಮುಂದೆ ಹೋದ ಮೇಲೆ ಎಮ್ಮೆಯ ಕೊಟ್ಟಿಗೆಯ ಮರೆಗೆ ಕಾದು ಕೂತೆ. ಕಳ್ಳ ಹಿಂತಿರುಗಿ ಬರುತ್ತಾನೆ, ನಾಯಿ ಬಿಡುತ್ತಾನೆ ಎಂಬ ಲೆಕ್ಕ ನನ್ನದು.

ಹೊತ್ತು ಮುಳುಗುತ್ತಿತ್ತು. ಕಳ್ಳ ಬಂದ. ಹೆಗಲಿನ ಟವೆಲು ಎದೆಗೆ ಅವುಚಿಕೊಂಡು, ಆಚೆ ಈಚೆ ನೋಡಿಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಬಂದವನು ನಾನು ಹೆತ್ತ ಮಗ. ಕೊಳದ ಮೂಲೆಯ ಕಣಗಿಲೆ ಗಿಡದ ಬುಡಕ್ಕೆ ಕುಕ್ಕರಿಸಿ ಟವೆಲು ಬಿಚ್ಚಿದ. ಒಡೆದ ಕಾಯಿ, ಬಾಳೆಹಣ್ಣು, ಬೆಲ್ಲದ ಮುದ್ದೆ.

“ಏನೋ ಅದು?”

“ಏನಿಲ್ಲ ಯವ್ವಾ.”

“ಏನಿಲ್ಲದ್ದಕ್ಕ ಕಾಯಿ ವಾಸನಿ ಬರತೈತೇನು?”

ಅಂಗಡಿಯಲ್ಲಿ ಲಾರಿ ಡ್ರೈವರುಗಳನ್ನು ಗದರುವ ಗಂಟಲು ಕುಸಿಯಿತು. “ಅವತ್ತು ಪೂಜಿ ಮಾಡಗೊಡ್ಲಿಲ್ಲ ನೋಡು, ಗಂಗಮ್ಮ ಸಿಟ್ಟಾಗ್ಯಾಳ. ಆಕಿ ಸಿಟ್ಟಿಗೆ ಅಂಜಿ ಮೊದಲು ಒಂದು ಸಣ್ಣ ಎಡಿ ಇಟ್ಟೆ. ಇರುವಿ ಬಂತು. ಮತ್ತ ಕಪ್ಪಿ ಬಂತು. ಮತ್ತ ಇಟ್ಟೆ. ಹಾವು ಬಂತು. ಕಡಿಮಿ ಆತೇನೋ ಅಂತ ಜಾಸ್ತಿ ಇಟ್ಟೆ.”

“ಕರಡಿ ಬಂತು.”

“ಹ್ಞೂಂ.”

“ಗಂಗಮ್ಮ ಕಳಸಾಕತ್ತಿಲ್ಲೋ. ನೀ ಕರಿಯಾಕತ್ತಿ. ಬೆಲ್ಲಕ್ಕ ಇರುವಿ, ಹುಳಕ್ಕ ಕಪ್ಪಿ, ಕಪ್ಪಿಗೆ ಹಾವು. ಕರಡಿಗೆ ಬೆಲ್ಲನೂ ಬೇಕು, ಇರುವಿನೂ ಬೇಕು. ಬಾಳೆಹಣ್ಣು ಬ್ಯಾರೆ ಕೊಟ್ಟೀ. ಉಂಡು ಕೈ ತೊಳಿಯಾಕ ನೀರಿಗೆ ಇಳಿದೈತಿ.” ಅವನು ಕಾಯಿಯ ಮೇಲೆ ಟವೆಲು ಎಳೆದ. “ಮೈಲಾರಿ ಹೆಸರು ಯಾಕ ಹೇಳಿದಿ?”

“ನೆಂಟರ ಮುಂದ ಪೂಜಿ ಬ್ಯಾಡ ಅಂದವ ನಾನ. ಈಗ ನಾನ ಇಡತೀನಿ ಅಂತ ಯಾರ ಮುಂದ ಹೇಳ್ಲಿ? ಕಂಬದೋರಿಗೂ ಬರಾಕ ಹೇಳೀನಿ. ವಾಪಸ್ ಕಳಿಸಿದ್ರ ಏನಂತಾರ ಮಂದಿ?”

ನೋಡಿ, ಒಬ್ಬನ ಹಿಂಡು ಹೋಗುವುದಕ್ಕಿಂತ ಇವನಿಗೆ ಇವನ ಮುಖದ ಚಿಂತೆ. ನನಗೆ ಕರುಣೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ; ಸಿಟ್ಟು ಬಂತು. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ. ದಿನಾ ಇರುವೆಯ ಸಾಲು ನೋಡಿದವಳು ಅದರ ಜೊತೆ ನಾಲ್ಕು ಹೆಜ್ಜೆ ನಡೆದಿದ್ದರೆ ಕಣಗಿಲೆ ಗಿಡ ಮುಟ್ಟುತ್ತಿದ್ದೆ. ಆದರೆ ನನ್ನ ಅನುಮಾನ ಹೊಸಿಲು ದಾಟಿ ಹೊರಗೆ ಓಡಿತೇ ಹೊರತು ಒಳಗೆ ಒಮ್ಮೆಯೂ ತಿರುಗಲಿಲ್ಲ. ಹೊರಗಿನವರನ್ನು ಅನುಮಾನಿಸುವುದು ಸಲೀಸು. ಅವರ ಜೊತೆ ಕೂತು ಉಣ್ಣಬೇಕಾಗಿಲ್ಲವಲ್ಲ. ಎಡೆಯನ್ನೆಲ್ಲ ಬಳಿದು ಎಮ್ಮೆಯ ಬಾನಿಗೆ ಹಾಕಿ ಒಳಗೆ ಹೋದೆ. 

ಮರುದಿನ ಬೆಳಿಗ್ಗೆ ಮಗ ಏಳುವ ಮೊದಲೇ ಕಂಬದವರ ಟ್ರ್ಯಾಕ್ಟರು ಬಂತು. ನಾನು ಕಾಲುದಾರಿಯ ನಟ್ಟನಡುವೆ ನಿಂತು, “ಇಲ್ಲಿ ಬ್ಯಾಡ. ಆ ಕೊಳದ ಸುತ್ತ ಹುಗೀರಿ” ಎಂದೆ. ಸಾವ್ಕಾರ್ರು ಹಾಗೆ ಹೇಳಿಲ್ಲ ಎಂದರು. “ಹೊಲ ಸಾವ್ಕಾರಂದಲ್ಲ, ನನ್ನ ಹೆಸರಿನಾಗ ಐತಿ. ಅಳತಿ ಹಗ್ಗ ತಗೀರಿ” ಎಂದೆ. ಮೊದಲ ಗುಂಡಿ ತೋಡುವ ಹೊತ್ತಿಗೆ ಮೈಲಾರಿ ಕುರಿ ಹೊಡೆದುಕೊಂಡು ಬಂದ. ಕಂಬ ನೋಡಿ ಅವನ ಕಾಲು ನಿಂತಿತು, ಆಮೇಲೆ ಅವು ಎಲ್ಲಿ ಇಳಿಯುತ್ತಿವೆ ಎಂದು ನೋಡಿದ.

“ಏನವ್ವಾರ, ಬೇಲಿ ಅತ್ತಾಗ ಹೊಂಟೈತಿ?”

“ನಡಿ ನಡಿ, ಧೂಳ ಎಬ್ಬಸಬ್ಯಾಡ” ಎಂದು ನಾನು ಅಳತೆಯ ಹಗ್ಗದ ತುದಿಯನ್ನು ಕೊಳದ ಮೂಲೆಗೆ ಬಿಗಿಯಾಗಿ ಹಿಡಿದು ನಿಂತೆ.