ಮಗ್ಗದ ತಂತ್ರಾಂಶಕ್ಕೆ ಮನೆ ಹುಡುಕಿದ್ದು

ಕೊರೋನಾ ಕಳೆದು ಮೊಳಕಾಲ್ಮೂರಿನ ಮಗ್ಗಗಳು ಮತ್ತೆ ಸದ್ದು ಮಾಡತೊಡಗಿದ್ದ ವರ್ಷ. ನಾನಾಗ ಚಳ್ಳಕೆರೆಯ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಸರ್ವಿಸಿನಲ್ಲಿ ಅನೇಕರೊಡನೆ ಜಗಳವಾಡಿದ್ದೇನೆ, ಬಹುಪಾಲು ನಾನೇ ಶುರು ಮಾಡಿದ್ದು. ಆದರೆ ಒಂದು ತಂತ್ರಾಂಶವನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಆದಷ್ಟು ಕೆಟ್ಟ ಜಗಳ ಇನ್ನೊಂದಿಲ್ಲ.

ರೇಷ್ಮೆ ಸೀರೆಯಲ್ಲಿ ಚಿತ್ತಾರ ಮೂಡಬೇಕಾದರೆ ಯಾವ ಎಳೆ ಯಾವಾಗ ಮೇಲೇಳಬೇಕೆಂದು ಮಗ್ಗಕ್ಕೆ ತಿಳಿಯಬೇಕು. ಮೊದಲು ತೂತು ಹೊಡೆದ ರಟ್ಟುಗಳು ಮಾಡುತ್ತಿದ್ದ ಆ ಕೆಲಸವನ್ನು ಈಗ ಮಗ್ಗದ ಮೇಲೆ ಕೂರಿಸುವ ಎಲೆಕ್ಟ್ರಾನಿಕ್ ಜಕಾರ್ಡ್ ಪೆಟ್ಟಿಗೆ ಮಾಡುತ್ತದೆ. ಒಂದೊಂದು ಕಂಪನಿಯ ಪೆಟ್ಟಿಗೆ ಒಂದೊಂದು ಥರದ ಫೈಲ್ ಕೇಳುತ್ತದೆ. ಒಂದೇ ವಿನ್ಯಾಸವನ್ನು ಎಲ್ಲ ಕಂಪನಿಗಳ ಪೆಟ್ಟಿಗೆಗೂ ಹೊಂದಿಸಿಕೊಡುವ ತಂತ್ರಾಂಶವೊಂದನ್ನು ನಾನೂ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಸೇರಿ ಬರೆದೆವು. ಹೆಸರು ‘ಅಂಚು’. ಅದು ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಇಡಲು ಸರ್ವರ್ ಕೊಟ್ಟವನು ಚಳ್ಳಕೆರೆಯಲ್ಲಿ ಜಕಾರ್ಡ್ ಪೆಟ್ಟಿಗೆಗಳ ಏಜೆನ್ಸಿ ನಡೆಸುತ್ತಿದ್ದ ಮಲ್ಲಿಕಾರ್ಜುನಪ್ಪ. ಪುಕ್ಕಟೆಯಾಗಿ ಸಿಕ್ಕಿತೆಂದು ನಾವೂ ಒಪ್ಪಿಕೊಂಡೆವು.

ಒಂದು ಸೋಮವಾರ ಮೊಳಕಾಲ್ಮೂರಿನ ನೇಕಾರಳು ಸುಂಕಮ್ಮ ಬಸ್ಸು ಹತ್ತಿ ಸೀದಾ ಕಾಲೇಜಿಗೇ ಬಂದಳು. ಅವಳ ಪೆಟ್ಟಿಗೆ ಮಲ್ಲಿಕಾರ್ಜುನಪ್ಪನ ಅಂಗಡಿಯದಲ್ಲ, ಧರ್ಮಾವರಂ ಕಡೆಯಿಂದ ತಂದ ಬೇರೆ ಕಂಪನಿಯದು.

“ಮೇಡಮ್ಮ, ಅಪ್‌ಡೇಟ್ ಆದಾಗಿಂದ ಪೆಟ್ಟಿಗೆ ಬರೀ ಕೆಂಪು ದೀಪ ತೋರಿಸ್ತೈತೆ. ಮದುವೆ ಸೀರೆ ಅರ್ಧಕ್ಕೆ ನಿಂತೈತೆ. ಆ ಮಗ್ಗ ಬಿಟ್ರೆ ನಮ್ಮನೇಲಿ ಬೇರೆ ದುಡಿಮೆ ಇಲ್ಲ” ಎಂದಳು.

ಕೋಡ್ ತೆರೆದು ನೋಡಿದೆ. ತನ್ನ ಅಂಗಡಿಯ ಪೆಟ್ಟಿಗೆಗಳನ್ನು ಬಿಟ್ಟು ಉಳಿದವು ನಡೆಯದಂತೆ ಮಲ್ಲಿಕಾರ್ಜುನಪ್ಪ ಮಾಡಿಸಿದ್ದ. ಮೈ ಉರಿದುಹೋಯಿತು. ಅಂಗಡಿಗೆ ಹೋಗಿ ಕೂಗಾಡಿದೆ. ಅವನು ಕುರ್ಚಿಯಿಂದ ಏಳಲೂ ಇಲ್ಲ.

“ಸರ್ವರ್ ಬಾಡಿಗೆ ಕಟ್ಟೋನು ನಾನು, ಮೇಡಂ. ನಮ್ ಅಂಗಡಿ ಜಗಲಿ ಮೇಲೆ ಕೂತು ಬೇರೆಯೋರ ಮಾಲು ಮಾರಿದ್ರೆ ಯಾವನು ಸುಮ್ಕಿರ್ತಾನ್ರಿ?”

ಕೋಡನ್ನು ನಕಲು ಮಾಡಿಕೊಂಡು ಕಾಲೇಜಿನ ಸರ್ವರಿನಲ್ಲಿ ಹಾಕಿದೆ. ಸುಂಕಮ್ಮನ ಮಗ್ಗ ಮತ್ತೆ ನಡೆಯಿತು, ಆದರೆ ನಡುನಡುವೆ ಎಳೆ ತಪ್ಪುತ್ತಿತ್ತು. ‘ಅಂಚು’ ಎಂಬ ಹೆಸರೂ ಮಗ್ಗಗಳು ಅಪ್‌ಡೇಟ್ ಪಡೆಯುವ ವಿಳಾಸವೂ ಅವನ ಕೈಯಲ್ಲೇ ಉಳಿದವು. ಹೀಗೆ ಒಂದೇ ಕೇರಿಯಲ್ಲಿ ಎರಡು ‘ಅಂಚು’ ಆದವು. ಎಲ್ಲಿ ಏನು ಕೆಟ್ಟರೂ ಬೈಗುಳ ಮಾತ್ರ ನನಗೇ ಬರುತ್ತಿತ್ತು. ಕೊನೆಗೆ ನೇಕಾರರ ಸಂಘದ ಅಧ್ಯಕ್ಷ ತಿಪ್ಪೇಸ್ವಾಮಿ ಎಲ್ಲರನ್ನೂ ಮೊಳಕಾಲ್ಮೂರಿನಲ್ಲಿ ಸೇರಿಸಿದ.

ಸಭೆಯಲ್ಲಿ ನನಗೆ ಒಂದು ಲೋಟ ನೀರು ಕೊಡುವವರೂ ಇರಲಿಲ್ಲ. ಅಣ್ಣತಮ್ಮಂದಿರೂ ಒಬ್ಬರ ಬುಟ್ಟಾ ಚಿತ್ತಾರ ಇನ್ನೊಬ್ಬರಿಗೆ ತೋರಿಸದ ಕೇರಿ ಅದು. ಓಪನ್ ಎಂಬ ಮಾತು ಕಿವಿಗೆ ಬಿದ್ದೊಡನೆ “ನಮ್ ಡಿಸೈನೆಲ್ಲಾ ಆಂಧ್ರದೋರಿಗೆ ಹಂಚಾಕ್ ಬಂದಿದ್ದಾಳೆ” ಎಂದು ಹಿಂದಿನಿಂದ ಒಬ್ಬ ಕೂಗಿದ. ವಿನ್ಯಾಸ ನಿಮ್ಮದು ನಿಮ್ಮ ಹತ್ತಿರವೇ ಇರುತ್ತದೆ, ತೆರೆದಿರುವುದು ತಂತ್ರಾಂಶ ಮಾತ್ರ ಎಂದು ಗಂಟಲು ಹರಿಯುವಂತೆ ಹೇಳಿದೆ. ತಿಪ್ಪೇಸ್ವಾಮಿ ಅದು ಸಂಘದಲ್ಲೇ ಇರಲಿ ಎಂದ. ಸಂಘದ ಸದಸ್ಯರಲ್ಲದವರು ಬೆಂಚು ಬಿಟ್ಟೆದ್ದರು. ಕಾಲೇಜಿನಲ್ಲಿರಲಿ ಎಂದೆ. ನಾಳೆ ನೀವು ರಿಟೈರಾದರೆ ಅದನ್ನು ನೋಡಿಕೊಳ್ಳುವವರು ಯಾರು ಎಂದರು.

ಕೊನೆಗೆ ನಾನು ಮುಂದಿಟ್ಟದ್ದು ಬೇರೆ ಊರಿನ ಲಾಭರಹಿತ ಪ್ರತಿಷ್ಠಾನವೊಂದರ ಹೆಸರು. ಇಂಥ ತಂತ್ರಾಂಶಗಳಿಗೆ ಜಾಗ ಕೊಡುವುದೇ ಅದರ ಕೆಲಸ. ಹೆಸರು, ವಿಳಾಸ ಎರಡೂ ಅದರ ವಶದಲ್ಲಿರುತ್ತವೆ. ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಬರೆದವರು, ನೇಯುವವರು, ಪೆಟ್ಟಿಗೆ ಮಾರುವವರು ಸೇರಿದ ಸಮಿತಿ ಮತ ಹಾಕಿ ತೀರ್ಮಾನಿಸುತ್ತದೆ. ಯಾವ ಕಂಪನಿಗೂ ಒಂದಕ್ಕಿಂತ ಹೆಚ್ಚು ಸ್ಥಾನವಿಲ್ಲ.

ಮಲ್ಲಿಕಾರ್ಜುನಪ್ಪ ನಕ್ಕ. “ಆಗ್ಲಿ. ಹೆಸರು, ವಿಳಾಸದ ಕೀಲಿ ನಾನು ಕೊಡ್ತೀನಿ. ಮೇಡಂನೋರೂ ತಮ್ ನಕಲು ಕೊಡ್ಲಿ. ಅವರಿಗೂ ಒಂದೇ ವೋಟು.”

ನಾನು ಬರೆದ ತಂತ್ರಾಂಶದಲ್ಲಿ ನನಗೂ ಒಂದೇ ವೋಟು! ಆಗುವುದಿಲ್ಲ ಎಂದು ಎದ್ದೇಬಿಟ್ಟೆ. ಬಾಗಿಲ ಬಳಿ ನಿಂತಿದ್ದ ಸುಂಕಮ್ಮ ನನಗಿಂತ ಗಟ್ಟಿಯಾಗಿ ಕೂಗಿದಳು.

“ನಿಮ್ ಜಗಳ ನೀವೇ ಇಟ್ಕೊಳ್ರಿ! ಅವರು ಮುನಿದ್ರೆ ನನ್ ಮಗ್ಗ ನಿಲ್ತೈತೆ, ನೀವು ಮುನಿದ್ರೂ ನಿಲ್ತೈತೆ. ನನಗೇನ್ರೀ ಫರಕು?”

ಅವಮಾನವಾಯಿತು. ಸಿಟ್ಟಿನಲ್ಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಅವನೂ ಹಾಕಿದ.

ಸಮಿತಿಯಲ್ಲಿ ಮೂವರು: ನಾನು, ತಿಪ್ಪೇಸ್ವಾಮಿ, ಮಲ್ಲಿಕಾರ್ಜುನಪ್ಪ. ಅವನು ಹಾಕಿಸಿದ್ದ ತಡೆ ಮೊದಲ ಮತದಾನದಲ್ಲೇ ಬಿದ್ದುಹೋಯಿತು. ಬೇರೆ ಕಂಪನಿಗಳ ಪೆಟ್ಟಿಗೆಗಳಲ್ಲಿ ಎಳೆ ತಪ್ಪುವುದಕ್ಕೆ ಅವನ ಅಂಗಡಿಯ ತಂತ್ರಜ್ಞ ಒಂದು ತಿದ್ದುಪಡಿ ಕಳಿಸಿದ್ದು ಅದಾದ ಮೇಲೆ. ಅವನ ಕಡೆಯಿಂದ ಬಂದದ್ದರಲ್ಲಿ ಏನೋ ಮಸಲತ್ತು ಇದ್ದೇ ಇರುತ್ತದೆಂದು ನಾನು ವಿರುದ್ಧ ಮತ ಹಾಕಿದೆ. ಉಳಿದಿಬ್ಬರೂ ಪರವಾಗಿದ್ದರು, ನಾನು ಸೋತೆ. ಅಂದಿನಿಂದ ಸುಂಕಮ್ಮನ ಸೆರಗಿನಲ್ಲಿ ಎಳೆ ತಪ್ಪಿಲ್ಲ.

ಎಷ್ಟೋ ವರ್ಷ ಪಾಠ ಹೇಳಿದ ನನಗೆ ಆ ಸೋಲು ಒಂದು ಪಾಠ ಹೇಳಿತು. ತಟಸ್ಥ ಜಾಗ ಎಂದರೆ ಒಳ್ಳೆಯವರ ಕೈಯಲ್ಲಿರುವ ಜಾಗವಲ್ಲ, ಅದನ್ನು ಕಟ್ಟಿದವರೂ ಸೋಲಬಹುದಾದ ಜಾಗ. ಮಲ್ಲಿಕಾರ್ಜುನಪ್ಪನೊಡನೆ ನಾನು ಇವತ್ತಿಗೂ ಮಾತಾಡುವುದಿಲ್ಲ. ಮಾತಾಡಬೇಕಾಗಿಯೂ ಇಲ್ಲ. ಸುಂಕಮ್ಮನ ಮಗ್ಗ ಈಗ ನಮ್ಮಿಬ್ಬರ ಸ್ನೇಹವನ್ನು ನಂಬಿಕೊಂಡು ನಡೆಯುತ್ತಿಲ್ಲ.