ಬಾಡಿಗೆ ಆಟಗಾರ್ತಿಯ ಸ್ವಂತ ಆಟ

ಗ್ರಾಸಿಯಾನಾ ಇರಿಬಾರ್ನೆಗೆ ಜೂಜಾಡುವುದಕ್ಕೇ ಸಂಬಳ ಬರುತ್ತಿತ್ತು. ಕೇಳಿದವರು ಕಣ್ಣರಳಿಸಿ, ಆಹಾ ಪುಣ್ಯವಂತೆ ಎನ್ನುತ್ತಿದ್ದರು. ಪುಣ್ಯವೂ ಇಲ್ಲ, ಮಣ್ಣೂ ಇಲ್ಲ! ಖಾಲಿ ಮೇಜಿಗೆ ಯಾವ ಗಿರಾಕಿಯೂ ತಾನಾಗಿ ಬಂದು ಕೂರುವುದಿಲ್ಲವಲ್ಲ, ಅದಕ್ಕೆ ಆಗ ನಮ್ಮ ರೀನೋ ಊರಿನ ಕ್ಯಾಸಿನೋಗಳಲ್ಲಿ ಇಂಥ ಬಾಡಿಗೆ ಆಟಗಾರರನ್ನು ಇಟ್ಟುಕೊಳ್ಳುತ್ತಿದ್ದರು. ದುಡ್ಡಿನ ಬದಲು ನಡೆಯುವ ಕ್ಯಾಸಿನೋದ ಬಿಲ್ಲೆಗಳನ್ನೇ ಕೈಗೆ ಕೊಟ್ಟು ಗಿರಾಕಿಯ ಹಾಗೆ ಕೂರಿಸುವುದು. ಗೆದ್ದರೂ ಕ್ಯಾಸಿನೋದವರದೇ, ಸೋತರೂ ಅವರದೇ. ಪಾಳಿ ಮುಗಿದಾಗ ಬಿಲ್ಲೆಗಳನ್ನೆಲ್ಲ ತಟ್ಟೆಗೆ ಸುರಿದು, ಬರಿಗೈಯಲ್ಲಿ ಎದ್ದು ಬರಬೇಕು. ಆಡುವುದಕ್ಕೂ ನೂರೆಂಟು ಕಟ್ಟಳೆ. ಪ್ರತಿ ಸಲವೂ ಅಷ್ಟೇ ಪಣ, ಹೆಚ್ಚು ಕಟ್ಟುವಂತಿಲ್ಲ. ಎಂಥ ಒಳ್ಳೆಯ ಎಲೆ ಬಂದರೂ ಪಣವನ್ನು ದುಪ್ಪಟ್ಟು ಮಾಡುವಂತಿಲ್ಲ. ಎಲೆ ತುಂಬ ಬಡಿಸಿ ಬಾಯಿಗೆ ಬಟ್ಟೆ ಕಟ್ಟಿದ ಹಾಗಿನ ನೌಕರಿ.

ಕಾಪರ್ ಮ್ಯೂಲ್ ಎಂಬ ಕ್ಯಾಸಿನೋದಲ್ಲಿ, ಇಸ್ಪೀಟಿನ ಇಪ್ಪತ್ತೊಂದರ ಮೇಜಿಗೆ ಗ್ರಾಸಿ ಹೀಗೆ ವರ್ಷಗಟ್ಟಲೆ ಕೂತಳು. ಎಲೆಗಳ ಮೊತ್ತ ಹಂಚುವವರಿಗಿಂತ ಇಪ್ಪತ್ತೊಂದಕ್ಕೆ ಹತ್ತಿರ ಬಂದರೆ ಗೆಲುವು, ಇಪ್ಪತ್ತೊಂದು ದಾಟಿದರೆ ಸೋಲು, ರಾಜ ರಾಣಿಯರಿಗೆ ಹತ್ತರ ಲೆಕ್ಕ. ಬೇರೆ ಯಾರಾದರೂ ಆಗಿದ್ದರೆ ಕೂತಲ್ಲೇ ತೂಕಡಿಸುತ್ತಿದ್ದರು. ಆದರೆ ಇವಳು ಹುಟ್ಟಿ ಬೆಳೆದದ್ದು ಕಡಲಾಚೆಯಿಂದ ಬಂದ ನಮ್ಮ ಬಾಸ್ಕ್ ಜನದ ಕುರಿಗಾಹಿಗಳು ಇಳಿದುಕೊಳ್ಳುವ ಊಟದ ಮನೆಯಲ್ಲಿ. ಅಲ್ಲಿ ಚಳಿಗಾಲವಿಡೀ ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಕುರಿಮಾಂಸದ ಸಾರು, ಇನ್ನೊಂದು ತುದಿಯಲ್ಲಿ ಇಸ್ಪೀಟು. ಯಾವ ಎಲೆ ಬಿತ್ತು, ಯಾವುದು ಉಳಿಯಿತು ಎನ್ನುವುದು ಚಿಕ್ಕಂದಿನಿಂದಲೂ ಅವಳ ತಲೆಯಲ್ಲಿ ತಾನಾಗಿ ಕೂತುಬಿಡುತ್ತಿತ್ತು.

ಹಾಗೆ ಕೂತೂ ಕೂತೂ ಒಂದು ದಿನ ಅವಳಿಗೆ ಹೊಳೆಯಿತು ನೋಡಿ! ಕೆಂಪು ಕಪ್ಪು ಮನೆಗಳ ಮೇಲೆ ಗುಂಡು ಉರುಳಿಸುವ ರೂಲೆಟ್ ಚಕ್ರಕ್ಕೆ ನೆನಪೆನ್ನುವುದೇ ಇಲ್ಲ. ಈಗ ಬಿದ್ದ ಗುಂಡಿಗೂ ಮುಂದೆ ಬೀಳುವ ಗುಂಡಿಗೂ ಸಂಬಂಧವಿಲ್ಲ. ಇಸ್ಪೀಟು ಹಾಗಲ್ಲ. ಬಿದ್ದ ಎಲೆ ಮತ್ತೆ ಕಲಸುವ ತನಕ ಹಿಂದಕ್ಕೆ ಬರುವುದಿಲ್ಲ. ಸಣ್ಣಪುಟ್ಟ ಎಲೆಗಳೆಲ್ಲ ಮೊದಲೇ ಖರ್ಚಾಗಿ ಹೋದರೆ, ಉಳಿದ ಕಟ್ಟಿನಲ್ಲಿ ರಾಜ, ರಾಣಿ, ಎಕ್ಕಗಳದ್ದೇ ದರ್ಬಾರು. ಆ ಹೊತ್ತಿನಲ್ಲಿ ಕ್ಯಾಸಿನೋದ ಕೈ ಕೆಳಗೆ, ಆಟಗಾರನ ಕೈ ಮೇಲೆ! ಆಗ ದೊಡ್ಡದಾಗಿ ಕಟ್ಟು, ಬೇರೆ ಹೊತ್ತಿನಲ್ಲಿ ಚಿಲ್ಲರೆ ಕಟ್ಟಿ ಕಾಯುತ್ತಾ ಕೂರು. ಇಷ್ಟೇ ಗುಟ್ಟು. ಗ್ರಾಸಿಯ ಮೈ ಜುಮ್ಮೆಂದಿತು. ಆದರೆ ಅವಳ ಮುಂದಿದ್ದ ಬಿಲ್ಲೆ ಅವಳದಲ್ಲ, ಮತ್ತೆ ಅಷ್ಟೇ ಪಣ ಇಟ್ಟು ಸುಮ್ಮನೆ ಕೂತಳು.

ಈ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಅವಳು ಸತ್ತುಹೋಗುತ್ತಿದ್ದಳೇನೋ. ಗಂಡ ಗಾನಿಶ್ ಬಿಡಬೇಕಲ್ಲ!

ಗಾನಿಶ್ ಇತುರ್ರಿ ಎಂಬ ಮುದುಕನ ಬೇಕರಿಯಲ್ಲಿ ಬ್ರೆಡ್ ಸುಡುವವನು. ಕೈ ಬಂಗಾರ, ಮನಸ್ಸೂ ಬಂಗಾರ, ತಲೆ ಮಾತ್ರ ರೂಲೆಟ್ ಚಕ್ರದ ಜತೆ ಗಿರಗಿರ ತಿರುಗುತ್ತಿತ್ತು. ಕೈಲಾಗದ ಮುದುಕ, ಬೇಕರಿಯನ್ನು ಮಾರುತ್ತೇನೆ, ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ ಎಂದ. ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದು ಕೇಳಿದ ಬೆಲೆಯ ಅರ್ಧಕ್ಕೆ ಬರುತ್ತಿತ್ತು. ಉಳಿದರ್ಧ ಎಲ್ಲಿಂದ ತರುವುದು? ಗಾನಿಶ್ ಹತ್ತಿರ ಉತ್ತರ ಸಿದ್ಧವಾಗಿತ್ತು.

"ಇರೋದನ್ನೆಲ್ಲಾ ತಗೊಂಡು ಬ್ಲೂ ಪೈನ್ ಕ್ಯಾಸಿನೋಗೆ ಹೋಗ್ತೀನಿ. ಕೆಂಪಿನ ಮೇಲೆ ಕಟ್ಟೋದು. ಸೋತ್ರೆ ಎರಡರಷ್ಟು. ಮತ್ತೆ ಸೋತ್ರೆ ಅದರ ಎರಡರಷ್ಟು. ಒಂದ್ಸಲ ಕೆಂಪು ಬಿತ್ತು ಅಂದ್ರೆ ಕಳ್ಕೊಂಡಿದ್ದೆಲ್ಲಾ ವಾಪಸ್, ಮೇಲೆ ಲಾಭ! ಕಪ್ಪು ಎಷ್ಟು ಸಲ ಅಂತ ಬೀಳುತ್ತೆ, ಹೇಳು ನೋಡೋಣ?"

"ನಿನ್ನ ಜೇಬು ಖಾಲಿ ಆಗೋವರೆಗೂ ಬೀಳುತ್ತೆ. ಇಷ್ಟು ವರ್ಷ ಅದನ್ನೇ ಅಲ್ವಾ ಮಾಡ್ಕೊಂಡು ಬಂದಿದ್ದು? ಆ ಚಕ್ರದಲ್ಲಿ ಕೆಂಪೂ ಅಲ್ದೆ ಕಪ್ಪೂ ಅಲ್ದೆ ಎರಡು ಹಸಿರು ಮನೆ ಇದೆಯಲ್ಲ, ಅದ್ಯಾಕೆ ಇಟ್ಟಿದಾರೆ ಅನ್ಕೊಂಡಿದೀಯ, ಚೆಂದಕ್ಕಾ? ಗುಂಡು ಅಲ್ಲಿಗೆ ಬಿದ್ರೆ ಕೆಂಪೂ ಸೋತಿತು, ಕಪ್ಪೂ ಸೋತಿತು. ಅವರು ಮಹಲು ಕಟ್ಟಿಸಿದ್ದೇ ಆ ಎರಡು ಮನೆಯಿಂದ ಮಾರಾಯ!"

"ನಿನಗೆ ಕನಸು ಕಾಣೋಕೂ ಜಿಪುಣತನ ಕಣೆ."

"ಕ್ಯಾಸಿನೋನ ಆ ಚಕ್ರದಲ್ಲಿ ಸೋಲಿಸೋಕಾಗಲ್ಲ."

"ಮತ್ತೆ ಯಾವುದರಲ್ಲಿ ಆಗುತ್ತೆ?"

ಅಲ್ಲಿಗೆ ಬಂತು ಮಾತು. ಗ್ರಾಸಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ನನಗೆ ಶನಿವಾರ ಕೊಡು. ಇರೋ ದುಡ್ಡಲ್ಲಿ ಒಂದು ಸಣ್ಣ ಪಾಲು ಸಾಕು. ಗೆದ್ರೆ, ಸಾಯೋವರೆಗೂ ನೀನು ಆ ಚಕ್ರದ ಹತ್ರ ಸುಳಿಯೋ ಹಾಗಿಲ್ಲ. ಸೋತ್ರೆ, ಉಳಿದಿದ್ದೆಲ್ಲಾ ನಿನ್ನ ಕೈಗೆ ಕೊಡ್ತೀನಿ. ಕೆಂಪಿಗಾದ್ರೂ ಹಾಕು, ಹೊಳೆಗಾದ್ರೂ ಹಾಕು, ತುಟಿ ಪಿಟಕ್ ಅನ್ನಲ್ಲ."

"ಆಣೆ?" ಎಂದ ಗಾನಿಶ್.

"ಆಣೆ. ನೀನೂ ಹಾಕು." ಗಾನಿಶ್ ಹಾಕಿದ.

ಶನಿವಾರ ಮಧ್ಯಾಹ್ನ ಇಬ್ಬರೂ ಬ್ಲೂ ಪೈನ್ ಹೊಕ್ಕರು. ಅಲ್ಲಿ ಗ್ರಾಸಿಯ ಮುಖ ಯಾರಿಗೂ ಗೊತ್ತಿರಲಿಲ್ಲ. ಹೆಣಿಗೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಇಪ್ಪತ್ತೊಂದರ ಮೇಜಿಗೆ ಕೂತಳು. ಎಲೆ ಹಂಚುತ್ತಿದ್ದವಳು ಡಾರ್ಲಾ ಎಂಬ ಹುಡುಗಿ.

"ಎಕ್ಕ ಅಂದ್ರೆ ಒಂದೋ ಹನ್ನೊಂದೋ, ಮಗಳೇ?" ಎಂದು ಗ್ರಾಸಿ ಪೆದ್ದಿಯ ಹಾಗೆ ಕೇಳಿದಳು. ಡಾರ್ಲಾಗೆ ಕನಿಕರ ಬಂತು.

"ಎರಡೂ ಹೌದಮ್ಮ. ನಿಮಗೆ ಯಾವುದು ಅನುಕೂಲವೋ ಅದು. ನಿಧಾನಕ್ಕೆ ಆಡಿ, ಅವಸರ ಇಲ್ಲ."

ಚಿಲ್ಲರೆ ಚಿಲ್ಲರೆಯಾಗಿ ಕಟ್ಟಿ ಗ್ರಾಸಿ ಕಾದಳು. ಒಂದಿಷ್ಟು ಸೋತಳು. ಹಿಂದೆ ನಿಂತಿದ್ದ ಗಾನಿಶ್ ನಿಟ್ಟುಸಿರು ಬಿಡುವುದು ಅವಳ ಕತ್ತಿಗೆ ತಾಗುತ್ತಿತ್ತು. ಆಮೇಲೆ ಬಂತು ನೋಡಿ, ಸಾಲಾಗಿ ಸಣ್ಣ ಎಲೆಗಳು! ಎರಡು, ಐದು, ನಾಲ್ಕು, ಮತ್ತೆ ಐದು, ಆರು, ಮೂರು. ಗ್ರಾಸಿ ಮೊದಲ ಬಾರಿಗೆ ಬಿಲ್ಲೆಗಳ ಒಂದು ಕಂಬವನ್ನೇ ಮುಂದಕ್ಕೆ ತಳ್ಳಿದಳು. ಕೈಗೆ ಬಂದದ್ದು ಆರು ಮತ್ತು ಐದು, ಹನ್ನೊಂದು. ಡಾರ್ಲಾಳ ಮುಂದೆ ತೆರೆದು ಬಿದ್ದಿದ್ದು ಆರು, ಹಂಚುವವರ ಪಾಲಿಗೆ ಅತಿ ಕೆಟ್ಟ ಎಲೆ.

ಇದಕ್ಕಿಂತ ಒಳ್ಳೆಯ ಹೊತ್ತು ಜೂಜಿನಲ್ಲಿ ಇಲ್ಲ. ಪಣ ದುಪ್ಪಟ್ಟು ಮಾಡಿ ಇನ್ನೊಂದೇ ಎಲೆ ಕೇಳಬೇಕು. ಹತ್ತೋ ರಾಜನೋ ಬಂದರೆ ಇಪ್ಪತ್ತೊಂದು! ಆದರೆ ಗ್ರಾಸಿಯ ಕೈ ಮೇಲೇಳಲಿಲ್ಲ. ದುಪ್ಪಟ್ಟು ಮಾಡುವಂತಿಲ್ಲ, ದುಪ್ಪಟ್ಟು ಮಾಡುವಂತಿಲ್ಲ ಎಂದು ವರ್ಷಗಟ್ಟಲೆ ಅನ್ನ ತಿಂದ ಕೈ ಅದು. ಮರಗಟ್ಟಿ ಕೂತುಬಿಟ್ಟಿತು.

"ಏನಾಯ್ತೆ?" ಎಂದು ಗಾನಿಶ್ ಪಿಸುಗುಟ್ಟಿದ.

"ಇದು ನನ್ನದೇ ದುಡ್ಡು ತಾನೇ?" ಎಂದಳು ಗ್ರಾಸಿ.

"ಮತ್ತಿನ್ಯಾರದ್ದು? ನಮ್ಮಜ್ಜಂದಾ?"

ಎಡಗೈಯಿಂದ ಬಲಗೈಯನ್ನು ನೂಕಿದ ಹಾಗೆ ಮಾಡಿ ಇನ್ನೊಂದು ಕಂಬ ಇಟ್ಟಳು. ರಾಣಿ ಬಂತು! ಡಾರ್ಲಾಳ ಎಲೆಗಳು ಇಪ್ಪತ್ತೆರಡಕ್ಕೆ ಹೋಗಿ ಸತ್ತವು. ಗಾನಿಶ್ ಕೂಗಿಕೊಂಡ ರಭಸಕ್ಕೆ ಪಕ್ಕದ ಮೇಜಿನವರು ಬೆಚ್ಚಿದರು. ಗ್ರಾಸಿಗೆ ನಾಚಿಕೆಯೂ ಆಯಿತು, ಎದ್ದು ಕುಣಿಯಬೇಕು ಅಂತಲೂ ಅನ್ನಿಸಿತು.

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿಲ್ಲ. ಸೋಲು ಇರಲಿಲ್ಲ ಅಂತಲ್ಲ, ಇತ್ತು, ಒಳ್ಳೆಯ ಎಲೆಯಲ್ಲೂ ಕೆಲವು ಸಲ ಕೈಕೊಟ್ಟಿತು. ಆದರೆ ಸೋಲು ಚಿಲ್ಲರೆಯಲ್ಲಿ, ಗೆಲುವು ಕಂಬದಲ್ಲಿ. ತನ್ನ ಮುಂದಿದ್ದ ರಾಶಿ ಯಾರ ಕಣ್ಣಿಗೂ ಬೀಳದಿರಲಿ ಅಂತ ಆಗಾಗ ಒಂದಷ್ಟು ಬಿಲ್ಲೆ ಹಿಂದಕ್ಕೆ ಸಾಗಿಸುತ್ತಿದ್ದಳು, ಗಾನಿಶ್ ಟೋಪಿಯೊಳಗೆ ತುಂಬಿಕೊಳ್ಳುತ್ತಿದ್ದ.

ಮೇಲ್ವಿಚಾರಕ ಟಟಲ್ ಬಂದು ನಿಂತದ್ದು ಆಗಲೇ. ತೆಳ್ಳಗಿನ ಮನುಷ್ಯ, ನಗು ಮುಖ, ಕಣ್ಣು ಮಾತ್ರ ನಗುವುದಿಲ್ಲ. ಸ್ವಲ್ಪ ಹೊತ್ತು ನೋಡಿದ. ಡಾರ್ಲಾಳ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಗ್ರಾಸಿ ದೊಡ್ಡ ಪಣಕ್ಕೆ ಕೈ ಹಾಕಿದಾಗೆಲ್ಲ ಡಾರ್ಲಾ ಇದ್ದಬದ್ದ ಎಲೆಗಳನ್ನೆಲ್ಲ ಬಾಚಿ ಕಲಸಿಬಿಡುತ್ತಿದ್ದಳು. ಅಲ್ಲಿಗೆ ಒಳ್ಳೆಯ ಎಲೆಗಳೆಲ್ಲ ಮತ್ತೆ ಸಣ್ಣವುಗಳ ಜತೆ ಬೆರೆತು ಮಂಗಮಾಯ.

ಮೂರು ಸಲ ಹೀಗಾಯಿತು. ಗಾನಿಶ್ ಹಲ್ಲು ಕಡಿದ. ಗ್ರಾಸಿಗೆ ಒಳಗೊಳಗೇ ನಗು ಬಂತು. ಎಲಾ ಟಟಲ್! ನಾಲ್ಕನೆಯ ಸಲ ಅವಳು ಬೇಕೆಂದೇ ಕೆಟ್ಟ ಎಲೆಗಳು ಉಳಿದಿರುವಾಗ ದೊಡ್ಡ ಕಂಬಕ್ಕೆ ಕೈ ಹಾಕಿದಳು. ಡಾರ್ಲಾ ಕಲಸಿದಳು, ಕೆಟ್ಟದ್ದೆಲ್ಲ ತೊಳೆದು ಹೋಯಿತು! ಗ್ರಾಸಿ ಮೆಲ್ಲನೆ ಕಂಬವನ್ನು ಹಿಂದಕ್ಕೆಳೆದು ನಡುಮಟ್ಟದ ಪಣ ಇಟ್ಟಳು. ಒಳ್ಳೆಯ ಎಲೆ ಉಳಿದಾಗ ಆ ಪಣವನ್ನು ಅಲುಗಿಸಲೇ ಇಲ್ಲ, ಡಾರ್ಲಾ ಕಲಸಲೂ ಇಲ್ಲ. ಈಗ ಕೆಟ್ಟ ಕಟ್ಟನ್ನೆಲ್ಲ ಅವರ ಕೈಯಿಂದಲೇ ಎಸೆಸಿ, ಒಳ್ಳೆಯದನ್ನಷ್ಟೇ ಆಡುತ್ತಿದ್ದಳು. ಅವಳ ಜನ್ಮದಲ್ಲಿ ಇಷ್ಟು ಖುಷಿಯಾಗಿರಲಿಲ್ಲ. ಯಾರದೋ ಬಿಲ್ಲೆ ಇಟ್ಟುಕೊಂಡು ಗೊಂಬೆಯ ಹಾಗೆ ಕೂತ ಅಷ್ಟೂ ವರ್ಷಗಳ ಸಿಟ್ಟು ಅವತ್ತು ತೀರಿತು.

ಆಗ ಗಾನಿಶ್ ಅವಳ ಕಿವಿಗೆ ಬಾಗಿದ. ಅವನ ಉಸಿರು ಕುದಿಯುತ್ತಿತ್ತು.

"ನೋಡ್ದಾ! ಇವರನ್ನ ಸೋಲಿಸಬಹುದು! ನಾನು ಹೇಳ್ತಾನೇ ಇರ್ಲಿಲ್ವಾ? ನೀನು ಇಲ್ಲೇ ಕೂತಿರು. ನಾನು ಆ ಕಡೆ ಹೋಗಿ ಒಂದೇ ಒಂದ್ಸಲ ಕೆಂಪಿಗೆ..."

"ಆಣೆ ಹಾಕಿದೀಯ ಗಾನಿಶ್."

"ಸೋಲಿಸೋಕಾಗಲ್ಲ ಅಂತ ನೀನು ಹೆದರಿಸಿದ್ದಕ್ಕೆ ಹಾಕ್ದೆ. ಈಗ ನೀನೇ ಸೋಲಿಸಿ ತೋರಿಸ್ತಿದೀಯಲ್ಲ! ಇವತ್ತು ನಮ್ಮ ದಿನ ಕಣೆ!"

ಗ್ರಾಸಿಗೆ ಎಲೆಗಳ ಲೆಕ್ಕವೇ ತಪ್ಪಿತು. ಅಯ್ಯೋ ದೇವರೇ, ತಾನೆಂಥ ಕೆಲಸ ಮಾಡಿಕೊಂಡೆ! ಸೋತಿದ್ದರೆ ಉಳಿದ ದುಡ್ಡು ಚಕ್ರಕ್ಕೆ ಹೋಗುತ್ತಿತ್ತು. ಗೆದ್ದದ್ದಕ್ಕೆ ಗೆದ್ದ ದುಡ್ಡೂ ಸೇರಿ ಹೋಗುತ್ತದೆ. ಅವನ ತಲೆಯಲ್ಲಿ ತನ್ನ ಆಟಕ್ಕೂ ಅವನ ಚಕ್ರಕ್ಕೂ ಫರಕೇ ಇಲ್ಲ. ಟೋಪಿ ಕೊಡು ಎಂದು ಅವಳು ತಿರುಗುವಷ್ಟರಲ್ಲಿ ಟಟಲ್ ಅವಳ ಪಕ್ಕದಲ್ಲಿದ್ದ.

"ಮೇಡಂ, ನೀವು ತುಂಬ ಚೆನ್ನಾಗಿ ಆಡ್ತೀರ. ನಮಗೆ ಅಷ್ಟು ಚೆನ್ನಾಗಿ ಆಡೋರು ಬೇಡ. ದಯವಿಟ್ಟು ಎದ್ದೇಳಿ. ಇನ್ನು ಮೇಲೆ ಬ್ಲೂ ಪೈನ್‌ಗೆ ಬರಬೇಡಿ."

"ನಾನೇನು ಮೋಸ ಮಾಡಿದ್ನಾ?"

"ಛೆ ಛೆ, ಯಾರಂದ್ರು? ಮೋಸ ಮಾಡಿದ್ರೆ ಪೊಲೀಸ್ ಕರೀತಿದ್ದೆ. ನೀವು ಗೆಲ್ತಿದೀರ, ಅಷ್ಟೇ."

ಮೇಜಿನ ಮೇಲಿದ್ದ ಬಿಲ್ಲೆಗೆ ದುಡ್ಡು ಕೊಡಿಸಿ, ಕಾವಲುಗಾರನೊಬ್ಬ ಅವಳ ಮೊಣಕೈ ಹಿಡಿದ. ಗಾನಿಶ್ ತಾನೂ ಹೊರಡಲು ಟೋಪಿ ಅವಚಿಕೊಂಡ. ಟಟಲ್ ಅವನ ಭುಜದ ಮೇಲೆ ಕೈ ಹಾಕಿದ. ಈಗ ಅವನ ಕಣ್ಣೂ ನಗುತ್ತಿತ್ತು.

"ಗಾನಿಶ್ ಸರ್! ನೀವೆಲ್ಲಿ ಹೊರಟ್ರಿ? ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ! ನಿಮ್ಮ ಕುರ್ಚಿ ಖಾಲಿ ಇದೆ. ಊಟ ಕಳಿಸ್ಲಾ? ಮಾಂಸ ಚೆನ್ನಾಗಿ ಬೆಂದಿರಬೇಕು, ಈರುಳ್ಳಿ ಜಾಸ್ತಿ, ಹೌದು ತಾನೇ? ನಮ್ಮ ಲೆಕ್ಕದಲ್ಲಿ."

ಗ್ರಾಸಿ ಬೀದಿಗೆ ಬಿದ್ದಳು. ಬ್ಲೂ ಪೈನ್‌ಗೆ ಬಾಗಿಲಿಲ್ಲ, ಮುಂಭಾಗವೆಲ್ಲ ಬಟಾಬಯಲು, ಬೀದಿಯಲ್ಲಿ ನಿಂತರೆ ಒಳಗಿನದೆಲ್ಲ ಕಾಣುತ್ತದೆ. ಟಟಲ್ ಗಾನಿಶ್‌ನನ್ನು ನಡೆಸಿಕೊಂಡು ಹೋಗುವುದು ಕಂಡಿತು. ರೂಲೆಟ್ ಮೇಜಿನ ಮುಂದೆ ಕುರ್ಚಿ ಎಳೆದುಕೊಟ್ಟದ್ದು ಕಂಡಿತು. ಗಾನಿಶ್ ಕೂತ. ಅವಳು ಅರ್ಧ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೆದ್ದದ್ದು ಅವನ ತೊಡೆಯ ಮೇಲಿನ ಟೋಪಿಯಲ್ಲಿತ್ತು.

"ಗಾನಿಶ್! ಎದ್ದೇಳೋ!" ಎಂದು ಅವಳು ಕಿರುಚುತ್ತಾ ಒಳಗೆ ನುಗ್ಗಿದಳು. ಕಾವಲುಗಾರ ಅಡ್ಡ ನಿಂತ.

"ಇನ್ನೊಂದು ಹೆಜ್ಜೆ ಇಟ್ರೆ ನಿಮ್ಮನ್ನ ಠಾಣೆಗೆ ಕಳಿಸಬೇಕಾಗುತ್ತೆ ಮೇಡಂ. ಯಾಕೆ ಸುಮ್ನೆ?"

ಅಷ್ಟರಲ್ಲಿ ಪ್ರವಾಸಿಗಳ ಒಂದು ಹಿಂಡು ನಡುವೆ ಬಂದು ಎಲ್ಲವೂ ಮರೆಯಾಯಿತು. ಬೇಕರಿ ಹೋಯಿತು, ಗಂಡನೂ ಹೋದ ಎಂದು ಗ್ರಾಸಿ ಹೆಣಿಗೆ ಚೀಲವನ್ನು ಎದೆಗೊತ್ತಿಕೊಂಡು ನಿಂತಳು. ಇಷ್ಟು ಚೆನ್ನಾಗಿ ಆಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಆಗ ಒಳಗಿಂದ ಬಂತು ಒಂದು ಅಬ್ಬರ.

"ಹಂಗಾದ್ರೆ ನನ್ನನ್ನೂ ಹೊರಗೆ ಹಾಕ್ರಿ!"

ಗಾನಿಶ್‌ನ ದನಿ. ಪ್ರವಾಸಿಗಳು ಸರಿದರು. ಅವನು ಕುರ್ಚಿ ಬಿಟ್ಟು ಎದ್ದು ನಿಂತಿದ್ದ, ಕಿವಿ ಕೆಂಪಗಾಗಿತ್ತು.

"ಯಾಕೆ ಸರ್, ಏನಾಯ್ತು?" ಟಟಲ್ ಬೆಣ್ಣೆಯಂತೆ ಕೇಳಿದ.

"ನನ್ನ ಹೆಂಡ್ತಿ ಗೆಲ್ತಾಳೆ ಅಂತ ಹೊರಗೆ ಹಾಕಿದ್ರಿ. ನನ್ನ ಹತ್ರಾನೂ ಲೆಕ್ಕಾಚಾರ ಇದೆ. ನಾನೂ ನಿಮ್ಮನ್ನ ಸೋಲಿಸ್ತೀನಿ! ಹಾಕಿ ಹೊರಗೆ!"

"ದುಪ್ಪಟ್ಟು ಮಾಡ್ತಾ ಹೋಗೋದು ತಾನೇ ಸರ್? ಗೊತ್ತು. ಆರಾಮಾಗಿ ಆಡಿ. ಬೇಕಾದ್ರೆ ದಿನಾ ಬನ್ನಿ."

ಸುತ್ತ ನಿಂತವರು ನಕ್ಕರು. ಗಾನಿಶ್ ನಗಲಿಲ್ಲ. ಚಕ್ರವನ್ನು ನೋಡಿದ, ಟಟಲ್‌ನನ್ನು ನೋಡಿದ, ಆಗಷ್ಟೇ ತಂದಿಟ್ಟ, ಹೊಗೆಯಾಡುತ್ತಿದ್ದ ತಟ್ಟೆಯನ್ನು ನೋಡಿದ. ಆಮೇಲೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲೆ ಬದಲಿಸುವ ಕಿಟಕಿಗೆ ನಡೆದ. ಅಲ್ಲಿಂದ ನೇರ ಬೀದಿಗೆ ಬಂದ. ಯಾರೂ ಅವನ ಮೊಣಕೈ ಹಿಡಿಯಲಿಲ್ಲ.

ಗ್ರಾಸಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಅವನು ದುಡ್ಡನ್ನು ಅವಳ ಹೆಣಿಗೆ ಚೀಲದೊಳಗೆ ತುರುಕಿದ.

"ಬೇಕರಿಗೆ ಸಾಕಾಗುತ್ತಾ?"

"ಇನ್ನೊಂಚೂರು ಕಮ್ಮಿ ಬೀಳುತ್ತೆ."

"ಇತುರ್ರಿ ಕಾಲು ನಾನು ಹಿಡೀತೀನಿ, ನಡಿ." ಸ್ವಲ್ಪ ದೂರ ಹೋದ ಮೇಲೆ ಅವನು ನಿಂತುಬಿಟ್ಟ. "ಎರಡೆರಡು ಸಲ ಕೇಳ್ದೆ ಗ್ರಾಸಿ, ಅವನು ನನ್ನನ್ನ ಹೊರಗೆ ಹಾಕ್ಲೇ ಇಲ್ಲ ಕಣೆ. ನನ್ನ ಹೆಸರು ಗೊತ್ತಿದೆ ಅವನಿಗೆ. ನನಗೆ ಈರುಳ್ಳಿ ಇಷ್ಟ ಅನ್ನೋದೂ ಗೊತ್ತಿದೆ."